ಖಾಲಿ ಬ್ರಾಕೆಟ್

ವಿಜಯವಾಡದ ಡೈರಿಯಿಂದ ಫೋನ್ ಬಂದಾಗ ನಾವು ವಿಶಾಖಪಟ್ಟಣದ ಆಫೀಸಿನಲ್ಲಿ ಬೆಳಗಿನ ಸಭೆಗೆ ಕುರ್ಚಿ ಎಳೆದುಕೊಳ್ಳುತ್ತಿದ್ದೆವು. ನಮ್ಮ ಹಿರಿಯ ಎಂಜಿನಿಯರ್ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮಧ್ಯೆ ಇಟ್ಟರು. ಆ ಕಡೆ ಮಾತಾಡುತ್ತಿದ್ದವರು ಡೈರಿಯ ನಿರ್ವಹಣಾ ಎಂಜಿನಿಯರ್. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಮಗೆ ಅಷ್ಟು ಭಯವಾಗುತ್ತಿರಲಿಲ್ಲ.

"ನಿಮ್ಮ ಕೈಪಿಡಿಯಲ್ಲಿ ಹೇಗಿದೆಯೋ ಹಾಗೇ ಟೈಪ್ ಮಾಡಿದೆವು. ಒಂದು ಪೈಪ್ ತೊಳೆಯಬೇಕಿತ್ತು. ಬಿಸಿನೀರು ಎಲ್ಲ ಪೈಪಿಗೂ ನುಗ್ಗಿತು. ಒಂದು ಪೈಪಿನ ಜೋಡಣೆ ಬಿಚ್ಚಿಟ್ಟಿತ್ತು. ಫಿಟ್ಟರ್ ಆ ಜೋಡಣೆಗೆ ಹೊಸ ಗ್ಯಾಸ್ಕೆಟ್ ತರೋಕೆ ಸ್ಟೋರಿಗೆ ಹೋಗಿದ್ದ. ಹೋಗಿರದಿದ್ದರೆ ಇವತ್ತು ನಾನು ನಿಮಗಲ್ಲ, ಅವನ ಮನೆಯವರಿಗೆ ಫೋನ್ ಮಾಡುತ್ತಿದ್ದೆ."

ತೊಳೆಯುವ ನೀರಿನಲ್ಲಿ ಕಾಸ್ಟಿಕ್ ಸೋಡಾ ಬೆರೆತಿರುತ್ತದೆ; ಚರ್ಮಕ್ಕೆ ತಾಗಿದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಆ ಡೈರಿಯ ಹಾಲು ಕಾಯಿಸುವ, ತಣಿಸುವ, ಪೈಪು ತೊಳೆಯುವ ಯಂತ್ರಗಳೆಲ್ಲ ನಮ್ಮ ಕಂಪನಿ ರೂಪಿಸಿದ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಆದೇಶಗಳಂತೆ ನಡೆಯುತ್ತಿದ್ದವು. ಆ ಭಾಷೆಯನ್ನು ಕಟ್ಟಿದವರು ನಮ್ಮ ಹಿರಿಯ ಎಂಜಿನಿಯರೇ. ಅದರ ಕೈಪಿಡಿಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಗಂಡನಿಗೆ ಹುಬ್ಬಳ್ಳಿಯಿಂದ ಇಲ್ಲಿಯ ಬ್ಯಾಂಕ್ ಶಾಖೆಗೆ ವರ್ಗವಾಗಿ, ನಾನು ಈ ಕಂಪನಿ ಸೇರಿ ಒಂದು ಬೇಸಿಗೆ ಕಳೆದಿತ್ತಷ್ಟೆ. ಕೈಪಿಡಿ ನನಗಿಂತ ಬಹಳ ಮೊದಲಿನದು. ಬಂದುಹೋದ ಎಷ್ಟೋ ಜನ ತಮಗೆ ತೋಚಿದಂತೆ ಅದಕ್ಕೆ ಪುಟ ಸೇರಿಸುತ್ತ ಹೋಗಿದ್ದರು.

ಡೈರಿಯವರು ಕೊನೆಗೆ ಒಂದು ಷರತ್ತು ಹಾಕಿದರು. ದಸರಾದ ಹೊತ್ತಿಗೆ ವಿಜಯವಾಡದಲ್ಲಿ ಹಾಲು, ಮೊಸರು, ತುಪ್ಪಕ್ಕೆ ವಿಪರೀತ ಬೇಡಿಕೆ. ಅದಕ್ಕೆ ಮೊದಲು ಅವರ ಹೊಸ ಘಟಕ ಶುರುವಾಗಬೇಕು. ಅಷ್ಟರಲ್ಲಿ ಕೈಪಿಡಿ ಅನುಮಾನಕ್ಕೆ ಎಡೆಯಿಲ್ಲದಂತೆ ತಿದ್ದಿ ಬಂದರೆ ಸರಿ. ಇಲ್ಲವಾದರೆ ನಮ್ಮ ವ್ಯವಸ್ಥೆ ಕಿತ್ತು ಹಳೆಯ ಸ್ವಿಚ್‌ಬೋರ್ಡಿಗೆ ಹೋಗುತ್ತಾರೆ.

ಫೋನ್ ಇಟ್ಟ ಮೇಲೆ ಹಿರಿಯರು ಡೈರಿಯವರು ನೋಡಿದ್ದ ಪುಟ ತೆಗೆಸಿದರು. ಕೈಪಿಡಿ ಇಂಗ್ಲಿಷಿನಲ್ಲಿದೆ, ಫಂಕ್ಷನ್‌ಗಳ ಹೆಸರೂ ಇಂಗ್ಲಿಷೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ತಪ್ಪಿನ ಮೂಲವಾದ ವಾಕ್ಯ ಇದು: 'ಲೈನಿನಲ್ಲಿ ಹಾಲು ಖಾಲಿಯಾದ ಮೇಲೆ ವಾಶ್() ಬಳಸಿ.' ಲೈನ್ ಎಂದರೆ ಡೈರಿಯವರ ಮಾತಿನಲ್ಲಿ ಒಂದು ಪೈಪಿನ ಸಾಲು.

ಫಂಕ್ಷನ್ ಅಂದರೆ ಹೆಸರಿಟ್ಟ ಒಂದು ಕೆಲಸ. ಆ ಕೆಲಸ ಯಾವುದರ ಮೇಲೆ ನಡೆಯಬೇಕು ಎಂಬುದನ್ನು ಹೆಸರಿನ ಮುಂದಿನ ಬ್ರಾಕೆಟ್ಟಿನೊಳಗೆ ಹೇಳಬೇಕು. ವಾಶ್(ಲೈನ್) ಎಂದರೆ ಆ ಒಂದು ಲೈನ್ ತೊಳೆ. ವಾಶ್(ಲೈನ್, ಶಾಖ) ಎಂದರೆ ಇಷ್ಟು ಬಿಸಿಯ ನೀರಿನಲ್ಲಿ ತೊಳೆ. ಬ್ರಾಕೆಟ್ಟಿನಲ್ಲಿ ಏನೂ ಇಲ್ಲದ ವಾಶ್() ಎಂದರೆ ಎಲ್ಲವನ್ನೂ ತೊಳೆ. ನಮ್ಮ ಭಾಷೆಯಲ್ಲಿ ಇವು ಮೂರೂ ಬೇರೆ ಬೇರೆ ಫಂಕ್ಷನ್‌ಗಳು, ಹೆಸರು ಮಾತ್ರ ಒಂದೇ.

ತೊಡಕೆಂದರೆ ಪ್ರೋಗ್ರಾಂ ಬರೆಯುವವರಲ್ಲಿ ಒಂದು ರೂಢಿಯಿದೆ. 'ಇದು ಫಂಕ್ಷನ್ನಿನ ಹೆಸರು ಕಣಪ್ಪ' ಎಂದು ತೋರಿಸಲು ಹೆಸರಿನ ಮುಂದೆ ಸುಮ್ಮನೆ ಒಂದು ಖಾಲಿ ಬ್ರಾಕೆಟ್ ಹಾಕುತ್ತಾರೆ. ಆ ವಾಕ್ಯ ಬರೆದವರು ಯಾರೋ, ಅವರು 'ವಾಶ್ ಎಂಬ ಫಂಕ್ಷನ್ ಬಳಸಿ' ಎನ್ನಲು ಹೊರಟಿದ್ದರು. ಡೈರಿಯಲ್ಲಿ ಅದನ್ನು ಇದ್ದ ಹಾಗೇ ಟೈಪ್ ಮಾಡಿದರು.

"ಆ ಒಂದು ವಾಕ್ಯ ತಿದ್ದಿ ಕಳಿಸಿಬಿಡಮ್ಮಾ," ಎಂದರು ಹಿರಿಯರು. ಅವರು ಮಾತಾಡುವುದು ತೆಲುಗು, ನಡುನಡುವೆ ಇಂಗ್ಲಿಷ್. ಆಫೀಸಿನಲ್ಲಿ ಎಲ್ಲ ಹೆಂಗಸರನ್ನೂ ಅಮ್ಮಾ ಎಂದೇ ಕರೆಯುತ್ತಾರೆ. "ಬ್ರಾಕೆಟ್ ಇದ್ದರೆ ಫಂಕ್ಷನ್ ಅಂತ ಪ್ರಪಂಚಕ್ಕೆಲ್ಲ ಗೊತ್ತು. ಅವರು ಸ್ವಲ್ಪ ಯೋಚನೆ ಮಾಡಬೇಕಿತ್ತು."

ನಾನು ಆಗಲಿ ಎಂದೆ. ಆ ವಾಕ್ಯ ತಿದ್ದಿದೆ. ತಿದ್ದಿದ ಮೇಲೆ ಮುಂದಿನ ವಾಕ್ಯ ಓದಿದೆ, ಅದರ ಮುಂದಿನದನ್ನೂ. ಸಂಜೆಯಾದರೂ ಏಳಲಿಲ್ಲ. ಒಂದೇ ಫಂಕ್ಷನ್ನನ್ನು ಒಂದು ಪುಟದಲ್ಲಿ ಬರೀ ವಾಶ್ ಎಂದಿದ್ದರು, ಇನ್ನೊಂದರಲ್ಲಿ ವಾಶ್() ಎಂದು, ಮತ್ತೊಂದರಲ್ಲಿ ದಪ್ಪಕ್ಷರದಲ್ಲಿ, ಮಗದೊಂದರಲ್ಲಿ 'ತೊಳೆಯುವ ಫಂಕ್ಷನ್' ಎಂದು. ಕೆಲವು ಕಡೆ ಖಾಲಿ ಬ್ರಾಕೆಟ್ ಸುಮ್ಮನೆ ಅಲಂಕಾರಕ್ಕೆ. ಕೆಲವು ಕಡೆ ನಿಜವಾಗಿಯೂ 'ಎಲ್ಲವನ್ನೂ ತೊಳೆ' ಎಂಬ ಅರ್ಥದಲ್ಲಿ. ಯಾವುದು ಯಾವುದೆಂದು ಹೇಳಲು ನನಗೇ ಪ್ರತಿಸಲ ಪ್ರೋಗ್ರಾಂ ತೆರೆದು ನೋಡಬೇಕಾಯಿತು. ಸ್ಟಾಪ್, ಓಪನ್, ಡ್ರೈನ್ ಎಂಬ ಉಳಿದ ಫಂಕ್ಷನ್‌ಗಳ ಕತೆಯೂ ಇದೇ. ಡೈರಿಯಲ್ಲಿ ಆದದ್ದು ಕೈಪಿಡಿಯ ಯಾವ ಪುಟದಿಂದ ಬೇಕಾದರೂ ಆಗಬಹುದಿತ್ತು.

ಮರುದಿನ ಆ ಪುಟಗಳನ್ನು ಮುದ್ರಿಸಿ ಹಿರಿಯರ ಮೇಜಿನ ಮೇಲೆ ಪಕ್ಕಪಕ್ಕ ಹರಡಿದೆ. ಒಂದೊಂದು ವಾಶ್ ಮೇಲೂ ಬೆರಳಿಟ್ಟು, "ಸಾರ್, ಇದು ಯಾವ ವಾಶ್?" ಎಂದು ಕೇಳಿದೆ. ಮೊದಲೆರಡಕ್ಕೆ ಥಟ್ಟನೆ ಉತ್ತರ ಕೊಟ್ಟರು. ಮೂರನೆಯದಕ್ಕೆ ಕನ್ನಡಕ ತೆಗೆದು ಒರೆಸಿದರು. ಆಮೇಲೆ, "ಎಲ್ಲ ಬದಲಾಯಿಸು. ಆದರೆ ಸರಿಯಾದ ಪದ್ಧತಿಯಲ್ಲಿ ಬದಲಾಯಿಸು," ಎಂದರು.

ಅವರ ಪ್ರಕಾರ ಸರಿಯಾದ ಪದ್ಧತಿ ಒಂದೇ ಇತ್ತು. ಅವರು ಚಿಕ್ಕವರಿದ್ದಾಗ ಕಲಿತ ಹಳೆಯ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಫಂಕ್ಷನ್ನಿನ ಹೆಸರು ಬರೆದು, ಓರೆಗೆರೆ ಹಾಕಿ, ಅದು ಎಷ್ಟು ವಿವರ ಕೇಳುತ್ತದೆ ಎಂಬ ಅಂಕಿ ಬರೆಯುತ್ತಾರೆ. ವಾಶ್/0 ಎಂದರೆ ಯಾವ ವಿವರವೂ ಬೇಡದ್ದು, ಅಂದರೆ ಎಲ್ಲವನ್ನೂ ತೊಳೆಯುವುದು. ವಾಶ್/1 ಎಂದರೆ ಲೈನ್ ಒಂದನ್ನೇ ಕೇಳುವುದು. ವಾಶ್/2 ಎಂದರೆ ಲೈನೂ ಶಾಖವೂ ಬೇಕಾದದ್ದು. ಚಿಕ್ಕದು, ಚೊಕ್ಕದು, ಎರಡು ಅರ್ಥವಿಲ್ಲ. ನನಗೂ ಮೆಚ್ಚುಗೆಯಾಯಿತು.

ಕೆಲಸಕ್ಕೆ ನನ್ನ ಜೊತೆ ನಿಂತವಳು ಪ್ರೋಗ್ರಾಂಗಳನ್ನು ಪರೀಕ್ಷಿಸುವ ಸಹೋದ್ಯೋಗಿ. ಅನಕಾಪಲ್ಲಿಯವಳು, ದಿನಾ ರೈಲಿನಲ್ಲಿ ಬಂದುಹೋಗುತ್ತಾಳೆ. ನನ್ನನ್ನು ಅಕ್ಕಾ ಎನ್ನುತ್ತಾಳೆ. ಈ ಒಂದು ಪದ ಅವಳ ತೆಲುಗಿಗೂ ನನ್ನ ಕನ್ನಡಕ್ಕೂ ಒಂದೇ. ಮೊದಲು ಅವಳೊಂದು ಸ್ಕ್ರಿಪ್ಟ್, ಎಂದರೆ ಪುಟ್ಟ ಪ್ರೋಗ್ರಾಂ, ಬರೆದಳು. ಕೈಪಿಡಿಯಲ್ಲಿ ಫಂಕ್ಷನ್ನಿನ ಹೆಸರು ಸಿಕ್ಕಲ್ಲೆಲ್ಲ ಓರೆಗೆರೆ ಮತ್ತು ಅಂಕಿ ಸೇರಿಸುವ ಸ್ಕ್ರಿಪ್ಟ್. ಓಡಿಸಿ ನೋಡಿದರೆ, 'ಟ್ಯಾಂಕಿನ ಮುಚ್ಚಳ ತೆರೆಯಿರಿ' ಎಂಬಲ್ಲಿಯ ಓಪನ್ ಕೂಡ ಓಪನ್/1 ಆಗಿತ್ತು. 'ಕೈ ತೊಳೆದುಕೊಂಡು ಒಳಗೆ ಬನ್ನಿ' ಎಂಬ ಎಚ್ಚರಿಕೆಯಲ್ಲೂ ವಾಶ್/2.

"ಅಕ್ಕಾ, ಕೈ ತೊಳೆಯೋಕೂ ಶಾಖ ಹೇಳಬೇಕಂತೆ," ಎಂದು ಅವಳು ನಕ್ಕಳು. ನಗು ಬಂದರೂ ಮಾಡಿದ್ದೆಲ್ಲ ಅಳಿಸಬೇಕಾಯಿತು.

ಯಂತ್ರಕ್ಕೆ ವಾಕ್ಯದ ಅರ್ಥ ಗೊತ್ತಾಗದು. ಹಾಗಾಗಿ ಕೈಯಲ್ಲೇ ಮಾಡಲು ಕೂತೆವು. ನಾನು ಒಂದೊಂದೇ ವಾಕ್ಯ ಓದಿ, ಅದು ನಿಜವಾಗಿ ಫಂಕ್ಷನ್ನಿನ ಮಾತೇ ಎಂದಾದರೆ ಗುರುತು ಹಾಕುವುದು, ಯಾವ ಫಂಕ್ಷನ್ ಎಂದು ನಿರ್ಧರಿಸುವುದು. ಅವಳು ಬೇರೊಂದು ಉಪಾಯ ಹೂಡಿದಳು. ನಾನು ಗುರುತು ಹಾಕಿದ ಪ್ರತಿ ಹೆಸರನ್ನೂ ಭಾಷೆಯ ಮೂಲ ಪ್ರೋಗ್ರಾಂನಲ್ಲಿ ಹುಡುಕಿ, ಅಂಥದ್ದು ಅಲ್ಲಿ ಇರದಿದ್ದರೆ ಕೈಪಿಡಿಯ ಪುಟವೇ ತಯಾರಾಗದಂತೆ ಮಾಡುವುದು. ಮೊದಲ ಸಲ ಓಡಿಸಿದಾಗ ಪರದೆ ತುಂಬ ಕೆಂಪು ಸಾಲು. ಯಾವತ್ತೋ ತೆಗೆದುಹಾಕಿದ ಫಂಕ್ಷನ್‌ಗಳನ್ನು ಕೈಪಿಡಿ ಇನ್ನೂ 'ಬಳಸಿ, ಬಳಸಿ' ಎನ್ನುತ್ತಿತ್ತು. ಅವನ್ನೆಲ್ಲ ಒಂದೊಂದಾಗಿ ತಿದ್ದುತ್ತ ಹೋದೆವು. ಕೆಂಪು ಸಾಲೇ ಇಲ್ಲದೆ ಪುಟಗಳು ತಯಾರಾದ ಮಧ್ಯಾಹ್ನ ಇಬ್ಬರೂ ಬೀಚ್ ರಸ್ತೆಗೆ ಹೋಗಿ ಮಂಡಕ್ಕಿಯ ಮುರಿ ಮಿಕ್ಸ್ಚರ್ ತಿಂದೆವು. ಗೆದ್ದೆವು ಎಂದೇ ನಂಬಿದ್ದೆವು.

ತಿದ್ದಿದ ಕೈಪಿಡಿ ಹಿಡಿದು ನಾನೊಬ್ಬಳೇ ಬೆಳಗಿನ ರೈಲಿನಲ್ಲಿ ವಿಜಯವಾಡಕ್ಕೆ ಹೊರಟೆ. ಡೈರಿಯ ಗೇಟಿನಲ್ಲಿ ನಿರ್ವಹಣಾ ಎಂಜಿನಿಯರ್ ಎದುರಾದರು. ನನ್ನ ತೆಲುಗು ಕೇಳಿದವರೇ ನಿಂತು, "ಕನ್ನಡದೋರಾ ಮೇಡಂ?" ಎಂದು ಕನ್ನಡದಲ್ಲೇ ಕೇಳಿದರು.

"ಹೌದು. ನೀವು?"

"ಅಮ್ಮಂದು ಬಳ್ಳಾರಿರೀ. ನಾನು ಹುಟ್ಟಿದ್ದು ಬೆಳದಿದ್ದು ಎಲ್ಲಾ ಇಲ್ಲೇ. ನಂದು ಮನಿ ಕನ್ನಡ ಅಷ್ಟೇ, ಅಮ್ಮನ ಜೊತಿ ಮಾತಾಡೋ ಅಷ್ಟು. ಮಿಷಿನ್ ಬಗ್ಗೆ ಹೇಳ್ಬೇಕಾದ್ರೆ ತೆಲುಗು ಬರ್ತದ, ಏನೂ ಅನುಕೋಬೇಡಿ."

ಫೋನಿನಲ್ಲಿ ಕೇಳಿದ ದನಿ ಇವರದೇನಾ ಎನಿಸಿತು. ಆದರೆ ಒಳಗೆ ಹೋಗಿ ಕೂತ ಮೇಲೆ ಅವರು ಮತ್ತೆ ಅದೇ ಮನುಷ್ಯ. ಯಂತ್ರ ನಡೆಸುವ ಶಿಫ್ಟಿನವರನ್ನು ಕರೆಸಿ ಎಲ್ಲರ ಮುಂದೆಯೂ ಕೈಪಿಡಿಯ ಪ್ರತಿ ಇಟ್ಟರು. ವಿವರಿಸಲು ನಾನು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು. "ಬೇಡ ಮೇಡಂ. ನೀವು ದಿನಾ ಇಲ್ಲಿ ಇರಲ್ಲ ಅಲ್ಲ. ಅವರೇ ಓದ್ಲಿ."

ತೊಳೆಯುವ ಪುಟ ತೆಗೆಸಿ, ಎರಡನೇ ಲೈನನ್ನು ತೊಳೆಯಬೇಕಾದರೆ ಯಾವುದನ್ನು ಬಳಸುತ್ತೀರಿ ಎಂದು ತೆಲುಗಿನಲ್ಲಿ ಕೇಳಿದರು. ಎಲ್ಲರೂ ಒಂದೇ ದನಿಯಲ್ಲಿ ವಾಶ್/2 ಎಂದರು.

ಅದು ತಪ್ಪು. ಅವರಿಗೆ ಬೇಕಾದದ್ದು ವಾಶ್/1, ಲೈನ್ ಒಂದನ್ನೇ ಕೇಳುವುದು. ನನಗೆ ಏನೂ ಅರ್ಥವಾಗಲಿಲ್ಲ. ಒಬ್ಬರು ತಪ್ಪಿದರೆ ಗಮನವಿಲ್ಲ ಎನ್ನಬಹುದು. ಎಲ್ಲರೂ ಹೇಗೆ ಒಂದೇ ತಪ್ಪು ಮಾಡುತ್ತಾರೆ?

"ಬರ್ರಿ ಮೇಡಂ, ತೋರಿಸ್ತೀನಿ," ಎಂದು ಎಂಜಿನಿಯರ್ ನನ್ನನ್ನು ಯಂತ್ರಗಳ ಶೆಡ್ಡಿಗೆ ಕರೆದೊಯ್ದರು. ತಲೆಗೆ ಟೋಪಿ, ಕಾಲಿಗೆ ಗಮ್‌ಬೂಟು ಹಾಕಿಕೊಂಡು ಒಳಗೆ ಹೋದೆ. ಸ್ಟೀಲಿನ ಪೈಪುಗಳು ಗೋಡೆಯುದ್ದಕ್ಕೂ ಓಡಿದ್ದವು. ಪ್ರತಿ ಪೈಪಿನ ಮೇಲೂ ನೀಲಿ ಬಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು: ಎಲ್/1, ಎಲ್/2, ಎಲ್/3. ಅಲ್ಲಿ ಎಲ್ ಎಂದರೆ ಲೈನ್, ಓರೆಗೆರೆಯ ಮುಂದಿನ ಅಂಕಿ ಎಂದರೆ ಎಷ್ಟನೆಯ ಪೈಪು ಎಂದು. ಶಿಫ್ಟಿನವರು ಕೆಲಸಕ್ಕೆ ಸೇರಿದ ದಿನದಿಂದ ಓದುತ್ತ ಬಂದದ್ದು ಅದನ್ನೇ. ನಾವು ಆಫೀಸಿನಲ್ಲಿ ಕೂತು ಅದೇ ಗುರುತಿಗೆ ಬೇರೆ ಅರ್ಥ ಕೊಟ್ಟು ಕಳಿಸಿದ್ದೆವು.

"ಹಾಗಾದ್ರೆ ವಾಶ್/0 ಅಂದ್ರೆ?" ಎಂದು ಕೇಳಿದೆ, ಉತ್ತರ ಏನಿರಬಹುದೆಂದು ಗೊತ್ತಿದ್ದೂ.

ಅವರು ಪಕ್ಕದಲ್ಲಿದ್ದ ಆಪರೇಟರನ್ನು ತೆಲುಗಿನಲ್ಲಿ ಕೇಳಿದರು. ಆಕೆ ಯೋಚಿಸಿ, "ಸೊನ್ನೆ ಅಂದರೆ ಯಾವ ಲೈನನ್ನೂ ತೊಳೆಯಬೇಡ ಅಂತ ಇರಬೇಕು," ಎಂದಳು.

ಎಲ್ಲವನ್ನೂ ತೊಳೆಯುವ ಆದೇಶವನ್ನು ಅವರು ಏನನ್ನೂ ತೊಳೆಯದ ಆದೇಶ ಎಂದು ಓದುತ್ತಿದ್ದರು. ಮೊದಲಿನ ಕೈಪಿಡಿಯಲ್ಲಿ ಅಪಾಯ ಕೆಲವು ಪುಟಗಳಲ್ಲಿತ್ತು. ನಾವು ಅಷ್ಟು ಶ್ರದ್ಧೆಯಿಂದ ತಿದ್ದಿ ಅದನ್ನು ಎಲ್ಲ ಪುಟಕ್ಕೂ ಹಂಚಿದ್ದೆವು. ಪೈಪಿನ ಪಕ್ಕದ ಮೆಟ್ಟಿಲ ಮೇಲೆ ಕೂತೆ.

ಎಂಜಿನಿಯರ್ ಕ್ಯಾಂಟೀನಿನಿಂದ ಮಜ್ಜಿಗೆ ತರಿಸಿಕೊಟ್ಟರು. "ಪರವಾಲೇದು ಮೇಡಂ. ದಸರಾಕ್ಕ ಇನ್ನೂ ಟೈಮ್ ಐತಿ," ಎಂದರು. ಆಮೇಲೆ ಸ್ವಲ್ಪ ತಡೆದು, "ಆದ್ರೆ ಇದನ್ನ ನಾನು ಒಳಗ ಬಿಡಲ್ಲ," ಎಂದೂ ಸೇರಿಸಿದರು.

ಕ್ಯಾಂಟೀನಿನಲ್ಲಿ ಕೂತು ಗಂಡನಿಗೆ ಫೋನ್ ಮಾಡಿದೆ. ಆದದ್ದನ್ನೆಲ್ಲ ಹೇಳಿದೆ. ಅವರಿಗೆ ಪ್ರೋಗ್ರಾಮಿಂಗ್ ಗೊತ್ತಿಲ್ಲ, ಆದರೆ ಓರೆಗೆರೆ ಗೊತ್ತಿತ್ತು. "ನಮ್ಮ ಬ್ಯಾಂಕಿನ್ಯಾಗ ಆ ಗೀಟು ಅಂದ್ರ 'ಅಥವಾ' ಅಂತ. ಬ್ಯಾಡಾಗಿದ್ದು ಹೊಡದು ಹಾಕ್ರಿ ಅಂತ ಹೇಳ್ತೀವಿ. ಒಬ್ಬೊಬ್ರಿಗೆ ಒಂದೊಂದು ಅರ್ಥ ಬರೋದನ್ನ ಯಾಕ ಹಿಡಕೊಂಡು ಕುಂತೀರಿ? ಏನು ಕೊಡಬೇಕೋ ಅದರ ಹೆಸರಽ ಬರದುಬಿಡ್ರಲ್ಲ," ಎಂದರು.

ಏನು ಕೊಡಬೇಕೋ ಅದರ ಹೆಸರು. ಮಜ್ಜಿಗೆ ಲೋಟ ಕೆಳಗಿಟ್ಟೆ. ನಮ್ಮ ಪದ್ಧತಿಯಲ್ಲಿ ಫಂಕ್ಷನ್ ಎಷ್ಟು ವಿವರ ಕೇಳುತ್ತದೆ ಎಂಬುದಿತ್ತು. ಯಂತ್ರದ ಮುಂದೆ ನಿಂತವರಿಗೆ ಬೇಕಾದದ್ದು ಏನನ್ನು ಕೇಳುತ್ತದೆ ಎಂಬುದು. ಅಲ್ಲೇ ನಿರ್ಧರಿಸಿದೆ: ಓರೆಗೆರೆ ಪೂರ್ತಿ ಬಿಡುವುದು. ಕೈಪಿಡಿಯಲ್ಲಿ ಯಾವ ಫಂಕ್ಷನ್ನಿನ ಮಾತು ಬಂದರೂ, ಎಷ್ಟು ಸಲ ಬಂದರೂ, ಬ್ರಾಕೆಟ್ಟಿನೊಳಗೆ ಕೊಡಬೇಕಾದುದರ ಹೆಸರು ಬರೆಯುವುದು. ವಾಶ್(ಲೈನ್). ವಾಶ್(ಲೈನ್, ಶಾಖ). ಬರೀ ಹೆಸರು ಎಲ್ಲೂ ಇರಕೂಡದು. ಅಲಂಕಾರಕ್ಕೆ ಖಾಲಿ ಬ್ರಾಕೆಟ್ ಇರಕೂಡದು. ಒಂದೇ ಹೆಸರಿನ ಎಲ್ಲ ಫಂಕ್ಷನ್‌ಗಳನ್ನು ಒಟ್ಟಿಗೆ ಹೇಳಬೇಕಾದರೆ 'ತೊಳೆಯುವ ಮೂರು ಫಂಕ್ಷನ್‌ಗಳು' ಎಂದು ಬಿಡಿಸಿ ಬರೆಯುವುದು.

ಹೊರಡುವ ಮೊದಲು ಶೆಡ್ಡಿಗೆ ಮತ್ತೆ ಹೋಗಿ ಎಲ್/1 ಎಂದು ಬರೆದ ಪೈಪಿನ ಫೋಟೊ ತೆಗೆದುಕೊಂಡೆ.

ಆಫೀಸಿನಲ್ಲಿ ಓರೆಗೆರೆ ಬಿಡುತ್ತೇನೆ ಎಂದಾಗ ಹಿರಿಯರ ಮುಖ ಬಿಗಿಯಿತು. "ಅಷ್ಟು ಕೆಲಸ ಮಾಡಿ, ಈಗ ವಾಪಸ್ಸಾ? ಅವರಿಗೆ ಒಂದು ದಿನ ತರಬೇತಿ ಕೊಡೋಣ. ಅರ್ಥ ಮಾಡಿಕೊಳ್ಳುತ್ತಾರೆ."

ನಾನು ವಾದಿಸಲಿಲ್ಲ. ಫೋಟೊ ತೋರಿಸಿದೆ. ಅವರು ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರು.

"ವಾಶ್/0 ಅನ್ನೋದನ್ನ ಏನಂತ ಓದಿದರು?"

"ಏನನ್ನೂ ತೊಳೆಯಬೇಡ ಅಂತ, ಸಾರ್."

ಅವರು ಫೋನನ್ನು ನನಗೆ ವಾಪಸ್ ಕೊಟ್ಟರು. "ಬಿಡಮ್ಮಾ ಹಾಗಾದರೆ. ಬಿಟ್ಟುಬಿಡು," ಎಂದರು. ಅವರಿಗೆ ಎಷ್ಟು ಪ್ರಿಯವಾದ ಪದ್ಧತಿ ಅದು ಎಂದು ನನಗೆ ಗೊತ್ತಿತ್ತು. ಅಷ್ಟು ಬೇಗ ಬಿಟ್ಟುಕೊಟ್ಟರಲ್ಲ ಎಂದು ಅವತ್ತು ಅವರ ಮೇಲೆ ಗೌರವ ಹೆಚ್ಚಿತು.

ಗುರುತು ಹಾಕುವ ಕೆಲಸ ಮುಗಿದಿದ್ದರಿಂದ ಎರಡನೆಯ ಬದಲಾವಣೆ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಯಾವ ವಾಕ್ಯದಲ್ಲಿ ಯಾವ ಫಂಕ್ಷನ್ ಎಂದು ಆಗಲೇ ತೀರ್ಮಾನವಾಗಿತ್ತು. ಅಂಕಿಯ ಜಾಗದಲ್ಲಿ ವಿವರಗಳ ಹೆಸರು ತುಂಬುವುದನ್ನು ಸ್ಕ್ರಿಪ್ಟೇ ಮಾಡಿತು, ಹೆಸರುಗಳನ್ನು ನೇರ ಮೂಲ ಪ್ರೋಗ್ರಾಂನಿಂದ ಎತ್ತಿಕೊಂಡು. ಆ ಹೆಸರುಗಳಲ್ಲಿ ಕೆಲವು ಬರೀ ಎ, ಬಿ, ಎಕ್ಸ್ ಎಂದಿದ್ದವು. ಹಿರಿಯರು ತಾವೇ ಕೂತು ಅವಕ್ಕೆಲ್ಲ ಲೈನ್, ಟ್ಯಾಂಕ್, ಶಾಖ ಎಂದು ಹೆಸರಿಟ್ಟರು.

ಇನ್ನೇನು ಮುಗಿಯಿತು ಎನ್ನುವಾಗ ಅನಕಾಪಲ್ಲಿಯ ಸಹೋದ್ಯೋಗಿ ನನ್ನ ಮೇಜಿನ ಬಳಿ ಬಂದು ನಿಂತಳು. ಮುಖ ಸಣ್ಣದಾಗಿತ್ತು.

"ಅಕ್ಕಾ, ಹಳೆಯ ವಾಕ್ಯ ಇತ್ತಲ್ಲ, ಡೈರಿಯವರು ಟೈಪ್ ಮಾಡಿದ್ದು. ಅದನ್ನೇ ಮತ್ತೆ ಕೈಪಿಡಿಗೆ ಹಾಕಿ ನೋಡಿದೆ. ನನ್ನ ಪರೀಕ್ಷೆ ಅದನ್ನು ಹಿಡಿಯಲೇ ಇಲ್ಲ."

"ಯಾಕೆ?"

"ವಾಶ್() ಅನ್ನೋ ಫಂಕ್ಷನ್ ನಿಜವಾಗಲೂ ಇದೆ. ಅದಕ್ಕೆ ಸರಿ ಅನ್ನುತ್ತದೆ. ಉಳಿದ ತಪ್ಪೆಲ್ಲ ಹಿಡಿಯುತ್ತದೆ, ಇದೊಂದನ್ನು ಬಿಟ್ಟು."

ಅವಳು ಹೇಳಿದ್ದು ನಿಜ. ನಾಳೆ ಬೇರೆ ಯಾರೋ ಬಂದು ರೂಢಿಯ ಬಲದಿಂದ ಒಂದು ಖಾಲಿ ಬ್ರಾಕೆಟ್ ಹಾಕಿದರೆ ತಡೆಯುವವರಿಲ್ಲ. ಇಷ್ಟೆಲ್ಲ ಶುರುವಾದದ್ದೇ ಆ ತಪ್ಪಿನಿಂದ.

ಮೂವರೂ ಕೂತೆವು. ಎಲ್ಲವನ್ನೂ ತೊಳೆಯುವ ಫಂಕ್ಷನ್ನಿನ ಹೆಸರನ್ನೇ ಬದಲಾಯಿಸಿದರೆ ಹೇಗೆ ಎಂದೆ. ಹಿರಿಯರು ತಲೆಯಾಡಿಸಿದರು. ನಮ್ಮ ಭಾಷೆಯನ್ನೇ ಬಳಸುವ ಅಚ್ಯುತಾಪುರಂನ ಕಾರ್ಖಾನೆಗಳಲ್ಲಿ ಅದೇ ಹೆಸರಿನಿಂದ ಯಂತ್ರಗಳು ನಡೆಯುತ್ತಿವೆ. ಹೆಸರು ಬದಲಾದ ದಿನ ಅವೆಲ್ಲ ನಿಲ್ಲುತ್ತವೆ. ಖಾಲಿ ಬ್ರಾಕೆಟ್ ಕಂಡಲ್ಲೆಲ್ಲ ಎಚ್ಚರಿಕೆಯ ಚಿಹ್ನೆ ಹಾಕೋಣವೆಂದಳು ಸಹೋದ್ಯೋಗಿ. ಎಲ್ಲ ಕಡೆ ಎಚ್ಚರಿಕೆ ಇದ್ದರೆ ಯಾರೂ ಓದುವುದಿಲ್ಲ ಎಂದು ನಾನೇ ಬೇಡವೆಂದೆ.

ಹೊಳೆದದ್ದು, ಆ ಹಳೆಯ ವಾಕ್ಯವನ್ನು ನಾನು ಜೋರಾಗಿ ಓದಿದಾಗ. 'ಲೈನಿನಲ್ಲಿ ಹಾಲು ಖಾಲಿಯಾದ ಮೇಲೆ ವಾಶ್, ಎಲ್ಲ ಲೈನ್, ಬಳಸಿ.' ಅಭ್ಯಾಸದಿಂದ ಅದರ ಅರ್ಥವನ್ನೂ ಸೇರಿಸಿ ಓದಿಬಿಟ್ಟಿದ್ದೆ. ಓದಿದ ಕೂಡಲೇ ವಾಕ್ಯ ತಪ್ಪೆಂದು ಕಿವಿಗೇ ಗೊತ್ತಾಯಿತು. ಒಂದು ಲೈನ್ ಖಾಲಿಯಾದರೆ ಎಲ್ಲವನ್ನೂ ಯಾಕೆ ತೊಳೆಯಬೇಕು?

"ಇದನ್ನೇ ಅಚ್ಚು ಮಾಡೋಣ," ಎಂದೆ. "ಖಾಲಿ ಬ್ರಾಕೆಟ್ ಬಂದಲ್ಲೆಲ್ಲ ಅದರ ಪಕ್ಕದಲ್ಲಿ, ಅದು ಎಲ್ಲಿಯವರೆಗೆ ಕೈಚಾಚುತ್ತದೆ ಅನ್ನೋದು ತಾನಾಗೇ ಬರಬೇಕು. ಬರೆಯೋರು ಮರೆತರೂ ಬರಬೇಕು. ಬೇಡ ಅಂದರೂ ಬರಬೇಕು."

ಹಿರಿಯರು ಎದ್ದು ತಮ್ಮ ಕಂಪ್ಯೂಟರಿಗೆ ಹೋದರು. ಮೂಲ ಪ್ರೋಗ್ರಾಂನಲ್ಲಿ, ಬ್ರಾಕೆಟ್ ಖಾಲಿಯಿರುವ ಪ್ರತಿ ಫಂಕ್ಷನ್ನಿನ ಮೇಲೂ ಅದರ ವ್ಯಾಪ್ತಿ ಏನೆಂದು ಒಂದು ಸಾಲು ಬರೆಯಲು ಶುರುಮಾಡಿದರು: ಎಲ್ಲ ಲೈನ್, ಎಲ್ಲ ಟ್ಯಾಂಕ್, ಇಡೀ ಘಟಕ. ಸಹೋದ್ಯೋಗಿ ಆ ಸಾಲು ಕೈಪಿಡಿಗೆ ಹರಿದುಬರುವಂತೆ ಮಾಡಿದಳು. ಸಾಲು ಬರೆಯದಿದ್ದರೆ ಕೈಪಿಡಿ ತಯಾರಾಗದು. ಈಗ ಪುಟದಲ್ಲಿ ವಾಶ್() ಬಂದಲ್ಲೆಲ್ಲ ಅದಕ್ಕೆ ಅಂಟಿಕೊಂಡು ಬೂದು ಪಟ್ಟಿಯೊಳಗೆ 'ಎಲ್ಲ ಲೈನ್' ಎಂದು ಮೂಡಿತು. ಕೈಪಿಡಿಯನ್ನು ಮೊದಲಿನಿಂದ ಓದಿದೆ. ನಾನು ಗುರುತು ಹಾಕುವಾಗ ಕಣ್ತಪ್ಪಿದ ಇನ್ನೂ ಕೆಲವು ವಾಕ್ಯಗಳು ಆ ಪಟ್ಟಿಯಿಂದಾಗಿ ತಾವಾಗಿಯೇ ಎದ್ದು ಕಂಡವು.

ದಸರಾ ಹತ್ತಿರ ಬಂದಿತ್ತು. ಈ ಸಲ ಮೂವರೂ ಹೊರಟೆವು. ಸಹೋದ್ಯೋಗಿ ಅನಕಾಪಲ್ಲಿಯಲ್ಲಿ ಇಡ್ಲಿ ಪೊಟ್ಟಣ ಹಿಡಿದು ರೈಲು ಹತ್ತಿದಳು. ಗೋದಾವರಿ ಸೇತುವೆ ಮೇಲೆ ಹಿರಿಯರು ಕಿಟಕಿಯಿಂದಾಚೆ ನೋಡುತ್ತ, "ಇವತ್ತೂ ಆಗದಿದ್ದರೆ ಏನು ಮಾಡೋದಮ್ಮಾ?" ಎಂದು ಕೇಳಿದರು.

ಡೈರಿಯ ಎಂಜಿನಿಯರ್ ನಮಗಿಂತ ಮುಂದೆ ಯೋಚಿಸಿಟ್ಟಿದ್ದರು. ಹೊಸ ಘಟಕದಲ್ಲಿ ಮೂರನೆಯ ಲೈನಿನ ಜೋಡಣೆಯನ್ನು ಬೇಕೆಂದೇ ಬಿಚ್ಚಿಸಿ, ಅದರ ಕೆಳಗೆ ಒಂದು ಒಣ ಗೋಣಿಚೀಲ ಹಾಸಿದ್ದರು. ಪೈಪುಗಳಿಗೆ ತಣ್ಣೀರು ಮಾತ್ರ ಜೋಡಿಸಿತ್ತು. ಇನ್ನೊಂದು ಶಿಫ್ಟಿನಿಂದ, ಈ ಕೈಪಿಡಿಯನ್ನು ಕಂಡೇ ಇರದ ಆಪರೇಟರ್ ಒಬ್ಬಳನ್ನು ಕರೆಸಿದರು. ಡಿಪ್ಲೊಮಾ ಮುಗಿಸಿ ಸೇರಿದವಳು.

"ಮೂರನೇ ಲೈನ್ ರಿಪೇರಿಯಲ್ಲಿದೆ. ಒಂದನೇ ಲೈನಿನಲ್ಲಿ ಹಾಲು ಮುಗಿದಿದೆ. ಕೈಪಿಡಿ ನೋಡಿಕೊಂಡು ಮುಂದಿನ ಕೆಲಸ ಮಾಡು," ಎಂದು ತೆಲುಗಿನಲ್ಲಿ ಅವಳಿಗೆ ಹೇಳಿ, ನಮ್ಮ ಕಡೆ ತಿರುಗಿ ಕನ್ನಡದಲ್ಲಿ, "ನೀವ್ಯಾರೂ ಮಾತಾಡಂಗಿಲ್ಲ ಮೇಡಂ," ಎಂದರು.

ಅವಳು ಪುಟ ತಿರುವಿದಳು. ಬೆರಳಿಟ್ಟು ಓದುತ್ತ, ಒಂದೊಂದು ಸಾಲನ್ನೂ ತೆಲುಗಿನಲ್ಲಿ ತನಗೇ ಹೇಳಿಕೊಳ್ಳುತ್ತ ಹೋದಳು. ಮೊದಲು ಅವಳ ಬೆರಳು ಬಿದ್ದದ್ದು ವಾಶ್() ಮೇಲೆಯೇ. ಪುಟದಲ್ಲಿ ಮೊದಲಿದ್ದದ್ದು ಅದು. ಅವಳು ಬೂದು ಪಟ್ಟಿ ಓದಿದಳು. ತಲೆಯೆತ್ತಿ ಬಿಚ್ಚಿದ ಪೈಪಿನ ಕಡೆ ನೋಡಿದಳು.

"ಇದು ಬೇಡ. ಇದು ಎಲ್ಲ ಲೈನಿಗೂ ಹೋಗುತ್ತದೆ, ಅದು ತೆರೆದಿದೆಯಲ್ಲ," ಎಂದು ಯಾರಿಗೂ ಅಲ್ಲದಂತೆ ಹೇಳಿ, ಬೆರಳನ್ನು ಕೆಳಗೆ ಸರಿಸಿದಳು. ವಾಶ್(ಲೈನ್). ಕೀಲಿಗಳನ್ನು ಒತ್ತಿ, ಬ್ರಾಕೆಟ್ಟಿನಲ್ಲಿ ಒಂದನೇ ಲೈನಿನ ಹೆಸರು ಹಾಕಿದಳು.

ಎಲ್ಲೋ ಒಂದು ಕವಾಟ ತೆರೆದ ಸದ್ದು. ಒಂದನೇ ಪೈಪಿನಲ್ಲಿ ನೀರು ಓಡತೊಡಗಿತು. ಕೈಯಿಟ್ಟರೆ ಸ್ಟೀಲು ತಣ್ಣಗೆ ನಡುಗುವುದು ತಿಳಿಯುತ್ತಿತ್ತು. ನಾವೆಲ್ಲ ಮೂರನೆಯದರ ಕೆಳಗಿನ ಗೋಣಿಚೀಲವನ್ನೇ ನೋಡುತ್ತಿದ್ದೆವು. ನೀರು ಓಡಿ ಮುಗಿಯಿತು. ಎಂಜಿನಿಯರ್ ಬಗ್ಗಿ ಚೀಲವನ್ನು ಎತ್ತಿ, ಎರಡೂ ಕಡೆ ತಿರುಗಿಸಿ, ಅಂಗೈಯಿಂದ ಒತ್ತಿ ನೋಡಿದರು. ಒಣಗಿಯೇ ಇತ್ತು.

ಅವರು ಅಷ್ಟಕ್ಕೇ ಬಿಡಲಿಲ್ಲ. ಬೇರೆ ಬೇರೆ ಜನರನ್ನು ಕರೆಸಿ ಸ್ಟಾಪ್, ಡ್ರೈನ್, ಓಪನ್ ಎಲ್ಲವನ್ನೂ ಅದೇ ರೀತಿ ಪರೀಕ್ಷೆ ಮಾಡಿದರು. ಊಟದ ಹೊತ್ತು ಮೀರಿತು. ಒಂದೇ ಒಂದು ಕಡೆ ಒಬ್ಬ ಆಪರೇಟರ್ ತಡವರಿಸಿದ. ಅದು ವಾಕ್ಯ ಉದ್ದವಾಗಿದ್ದಕ್ಕೆ, ಗುರುತಿನ ಗೊಂದಲದಿಂದಲ್ಲ. ಅಲ್ಲೇ ಕೂತು ತುಂಡರಿಸಿ ಬರೆದೆ. ಕೊನೆಗೆ ಎಂಜಿನಿಯರ್ ಟೋಪಿ ತೆಗೆದರು. ನನ್ನ ಸಹೋದ್ಯೋಗಿಗೆ, ಹಿರಿಯರಿಗೆ ತೆಲುಗಿನಲ್ಲಿ ಏನೋ ಹೇಳಿ ಕೈಕುಲುಕಿದರು. ಆಮೇಲೆ ನನ್ನ ಕಡೆ ಬಂದರು.

"ಅವತ್ತು ಫಿಟ್ಟರ್ ಗ್ಯಾಸ್ಕೆಟ್ ತರಾಕ ಹೋಗಿದ್ದಕ್ಕ ಉಳಿದ ಮೇಡಂ. ನಸೀಬು. ಇನ್ನ ಮ್ಯಾಲೆ ನಸೀಬಿನ ಮ್ಯಾಲೆ ಡೈರಿ ನಡಸೋ ಗರಜಿಲ್ಲ," ಎಂದರು. "ನಾಳಿಂದ ಹಾಲು ಬಿಡ್ತೀವಿ."

ಶೆಡ್ಡಿನಿಂದ ಹೊರಗೆ ಬಂದು ಗಮ್‌ಬೂಟು ಬಿಚ್ಚುವಾಗ ಸಹೋದ್ಯೋಗಿ ನನ್ನ ಕೈ ಹಿಡಿದು ಜಗ್ಗಿ, "ಅಕ್ಕಾ, ಗೆದ್ದೆವು," ಎಂದಳು. ಬೀಚ್ ರಸ್ತೆಯಲ್ಲಿ ನಾವೇ ಹೇಳಿಕೊಂಡಿದ್ದ ಮಾತು. ಈ ಸಲ ನಾವಲ್ಲದೆ ಬೇರೆಯವರೂ ಅದಕ್ಕೆ ಸಾಕ್ಷಿ ಇದ್ದರು. ಹಿರಿಯರು ವಿಜಯವಾಡ ಸ್ಟೇಷನ್ನಿನಲ್ಲಿ ಎಲ್ಲರಿಗೂ ಹೆಸರುಕಾಳಿನ ದೋಸೆ ಪೆಸರಟ್ಟು ಕೊಡಿಸಿದರು. ರೈಲಿನಲ್ಲಿ ಅವರು ಮಲಗಲಿಲ್ಲ. ಕೈಪಿಡಿಯನ್ನು ತೊಡೆಯ ಮೇಲಿಟ್ಟುಕೊಂಡು ತಾವೇ ಬರೆದ ಭಾಷೆಯನ್ನು ಮೊದಲ ಸಲ ಓದುವವರಂತೆ ಓದುತ್ತಿದ್ದರು.

ಆ ದಸರಾದಲ್ಲಿ ಡೈರಿಯ ಹೊಸ ಘಟಕ ಒಂದು ದಿನವೂ ನಿಲ್ಲಲಿಲ್ಲ. ಸುದ್ದಿ ಹೇಗೋ ಅಚ್ಯುತಾಪುರಂ ಮುಟ್ಟಿ, ಅಲ್ಲಿಯ ಕಾರ್ಖಾನೆಯವರು ತಮಗೂ ಹೊಸ ಕೈಪಿಡಿಯೇ ಬೇಕೆಂದು ಕೇಳಿ ಬರೆದರು. ಅವರ ಹಳೆಯ ಪ್ರೋಗ್ರಾಂಗಳಲ್ಲಿ ಒಂದು ಸಾಲನ್ನೂ ಬದಲಾಯಿಸಬೇಕಾಗಲಿಲ್ಲ. ಬದಲಾದದ್ದು ಆ ಫಂಕ್ಷನ್‌ಗಳನ್ನು ನಾವು ಕರೆಯುವ ರೀತಿ ಮಾತ್ರ.

ಚಳಿಗಾಲದ ಒಂದು ಬೆಳಿಗ್ಗೆ ಹಿರಿಯರು ಕಾಫಿ ಲೋಟ ಹಿಡಿದು ನನ್ನ ಮೇಜಿನ ಬಳಿ ಬಂದರು. ಭಾಷೆಗೆ ಹೊಸದೊಂದು ಫಂಕ್ಷನ್ ಸೇರಿಸುವವರಿದ್ದರು, ಟ್ಯಾಂಕಿನಿಂದ ಟ್ಯಾಂಕಿಗೆ ಹಾಲು ಸಾಗಿಸಲು. ಮುಂಚೆಯಾದರೆ ಎಲ್ಲ ಬರೆದು ಮುಗಿಸಿ, ಕೊನೆಗೆ ನನಗೊಂದು ಮೇಲ್ ಹಾಕುತ್ತಿದ್ದರು.

"ಇನ್ನೂ ಏನೂ ಬರೆದಿಲ್ಲಮ್ಮಾ," ಎಂದರು. "ಮೊದಲು ನೀನು ಹೇಳು. ಇದನ್ನ ಕೈಪಿಡಿಯಲ್ಲಿ ಹೇಗೆ ಬರೀತೀಯ?"

ಪಕ್ಕದ ಕುರ್ಚಿ ಎಳೆದು ಅವರಿಗೆ ಕೊಟ್ಟೆ. ಯಾವ ಟ್ಯಾಂಕಿನಿಂದ, ಯಾವ ಟ್ಯಾಂಕಿಗೆ ಎಂದು ಕೇಳುತ್ತ ಹೋದೆ. ಅವರು ಹೇಳುತ್ತ ಹೋದರು. ಮಧ್ಯಾಹ್ನದೊಳಗೆ ವಾಕ್ಯ ಸಿದ್ಧವಾಯಿತು. ಅದನ್ನು ಮುದ್ರಿಸಿಕೊಂಡು ಹೋಗಿ, ಅದರಂತೆ ಅವರು ಪ್ರೋಗ್ರಾಂ ಬರೆಯಲು ಕೂತರು.